ಮೋರಿಗೆ ಸಿಕ್ಕ ನಲವತ್ತು ದಿನ

ನನ್ನ ಸರ್ವೀಸೆಲ್ಲ ಗೆರೆ ಎಳೆಯುವುದರಲ್ಲೇ ಮುಗಿಯಿತು. ಇಟ್ಟಿಗೆ ಹೊರಲಿಲ್ಲ, ಕಾಂಕ್ರೀಟು ಕಲಸಲಿಲ್ಲ. ಉಳಿದವರು ಯಾವಾಗ ಹೊರಬೇಕು, ಯಾವಾಗ ಕಲಸಬೇಕು ಎಂದು ಹಾಳೆಯ ಮೇಲೆ ಗೆರೆ ಹಾಕಿ ಗೋಡೆಗೆ ಅಂಟಿಸುತ್ತಿದ್ದೆ. ಎಳೆದ ಗೆರೆಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ಚಿತ್ರದುರ್ಗದ ಕೋಟೆಗೆ ಏಳು ಸುತ್ತು ಬಂದು, ಎಂಟನೆಯ ಸುತ್ತಿಗೂ ಒಂದಿಷ್ಟು ಮಿಗುತ್ತಿತ್ತು. ಹುದ್ದೆಯ ಹೆಸರು ಪ್ಲಾನಿಂಗ್ ಇಂಜಿನಿಯರ್. ಸೈಟಿನಲ್ಲಿ ಆ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಎಲ್ಲರಿಗೂ ನಾನು ಗೆರೆ ಸಾಹೇಬ್ರು.

ಈಗ ನಿವೃತ್ತನಾಗಿ ಮನೆಯಲ್ಲಿದ್ದೇನೆ. ವಯಸ್ಸು ಅರವತ್ತು ದಾಟಿದರೂ ಬುದ್ಧಿ ಹದಿನೇಳಕ್ಕೇ ನಿಂತಿದೆ ಎಂದು ನನ್ನ ಹೆಂಡತಿಯ ದೂರು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಹೊರಟ ಹುಡುಗ ಹುಡುಗಿಯರು ಆಗಾಗ ಬಂದು ಕೂರುತ್ತಾರೆ. ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ: "ಸಾರ್, ಈ ಫ್ಲೋಟ್ ಅಂದ್ರೆ ಏನು? ಓದಿದ್ರೂ ತಲೆಗೆ ಹೋಗ್ತಿಲ್ಲ." ಓದಿದ್ದು ಸರಿಯಾಗಿಯೇ ಇದೆ. ಇಡೀ ಯೋಜನೆ ಮುಗಿಯುವ ದಿನ ಕದಲದಂತೆ ಒಂದು ಕೆಲಸ ಎಷ್ಟು ದಿನ ತಡವಾಗಬಹುದೋ, ಅಷ್ಟು ದಿನ ಅದರ ಫ್ಲೋಟ್. ತಡವಾದರೆ ಫ್ಲೋಟ್ ಅದನ್ನು ನುಂಗಿಕೊಳ್ಳುತ್ತದೆ. ಮೇಲಿನವರ ನಿದ್ದೆ ಕೆಡುವುದಿಲ್ಲ.

ನುಂಗಿದ್ದು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯಾರೂ ಬರೆದಿಲ್ಲ. ಅದು ನನಗೆ ಗೊತ್ತಾದದ್ದು ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ. ಅಲ್ಲಿ ಬೋರಯ್ಯ ಎಂಬವರು ಕೆಂಪು ಬಟ್ಟೆ ಹಿಡಿದು ನಿಲ್ಲುತ್ತಿದ್ದರು. ಅವರನ್ನು ಆ ತಿರುವಿನಿಂದ ಮನೆಯೊಳಕ್ಕೆ ಕಳಿಸಬೇಕೆಂದು ನಾನು ಮಾಡಿದ ಕಿತಾಪತಿಯ ಕಥೆ ಇದು. ಆದರೆ ಅಲ್ಲಿಗೆ ಹೋಗುವ ಮುಂಚೆ ಹಿರಿಯೂರಿನಲ್ಲಿ ಇಳಿಯಬೇಕು. ನಗುವುದಿದ್ದರೆ ಅಲ್ಲೇ ನಕ್ಕುಬಿಡಿ.

ತೊಂಬತ್ತರ ದಶಕದ ಆರಂಭ. ಹಿರಿಯೂರಿನಲ್ಲಿ ನಮ್ಮ ಕಂಪನಿ ಒಂದು ಅತಿಥಿ ಗೃಹ ಕಟ್ಟುತ್ತಿತ್ತು. ಮೇಲಧಿಕಾರಿ ಚಂದ್ರಶೇಖರಯ್ಯ. ಬೇರೆ ಸಾಹೇಬರು ಕೋಪ ಬಂದರೆ ಕೂಗುತ್ತಾರೆ, ಇವರು ಪಿಸುಗುಟ್ಟುತ್ತಿದ್ದರು. ಅವರು ಪಿಸುಗುಟ್ಟಿದ ದಿನ ಬಸ್ ಸ್ಟ್ಯಾಂಡಿನ ನಾಯಿಗಳೂ ಬಾಲ ಮುದುಡಿಕೊಂಡು ಚಳ್ಳಕೆರೆ ಬಸ್ಸು ಹತ್ತುತ್ತಿದ್ದವು. ನಾನು ಬಣ್ಣದ ಪೆನ್ಸಿಲಿನಲ್ಲಿ ಬರೆದ ಚಾರ್ಟನ್ನು ಸಿಮೆಂಟು ಗೋಡೌನಿನ ಗೋಡೆಗೆ ಅಂಟಿಸಿದ್ದೆ. ಬಾಗಿಲು ಕೂರಿಸುವ ಬಡಗಿ, ವೈರು ಎಳೆಯುವ ಎಲೆಕ್ಟ್ರಿಷಿಯನ್, ಬಣ್ಣ ಬಳಿಯುವವನು, ಮೂವರ ಗೆರೆಯ ಮುಂದೆಯೂ ಫ್ಲೋಟ್ ಹತ್ತು ದಿನ ಎಂದು ಅಂದವಾಗಿ ಬರೆದಿದ್ದೆ.

ಬಡಗಿ ಅದನ್ನು ಓದಿದ. ಓದಿದವನೇ ಹತ್ತು ದಿನ ಅತ್ತೆ ಮನೆಗೆ ಹೋದ. ಅವನು ಬಂದು ಬಾಗಿಲು ಕೂರಿಸಿದ ಮೇಲೆ ಎಲೆಕ್ಟ್ರಿಷಿಯನ್ ನಾಪತ್ತೆಯಾದ. ಹಿಡಿದು ತರಿಸಿ ಕೇಳಿದೆ.

"ಯಾಕ್ರಿ ಸಾರ್ ಬೈತೀರಿ?" ಎಂದ ಅವನು. "ನನ್ ಗೆರೆ ಮುಂದೂ ಹತ್ತು ಅಂತ ಬರ್ದಿದ್ರಲ್ಲ."

"ಅದನ್ನ ಬಡಗಿ ತಿಂದು ಕೈ ತೊಳ್ಕಂಡಾಯ್ತು ಕಣಯ್ಯ."

"ಅವನು ಅವಂದು ತಿಂದ. ನಂದು ನಾನು ತಿಂದೆ. ಅವನ ತಟ್ಟೆಗೆ ನಾನು ಕೈ ಹಾಕ್ದೆನಾ?"

ವಿಷಯ ಇರುವುದೇ ಇಲ್ಲಿ. ಒಂದರ ಹಿಂದೆ ಒಂದು ಬರುವ ಮೂರು ಕೆಲಸಗಳಿಗೆ ಫ್ಲೋಟ್ ಒಂದೇ. ಮೂವರು ಒಂದೇ ಕಂಬಳಿ ಹೊದ್ದು ಮಲಗಿದ ಹಾಗೆ. ಪ್ರತಿಯೊಬ್ಬನೂ ಅಳತೆ ಹಾಕಿದಾಗ ಕಂಬಳಿ ಪೂರ್ತಿ ಅವನದೇ. ಒಬ್ಬ ಸುತ್ತಿಕೊಂಡು ಮಗ್ಗುಲಾದಾಗಲೇ ಉಳಿದವರಿಗೆ ಚಳಿ ಗೊತ್ತಾಗುವುದು. ನಮ್ಮಲ್ಲಿ ಚಳಿ ಹತ್ತಿದ್ದು ಬಣ್ಣದವನಿಗೆ. ಉದ್ಘಾಟನೆಯ ಬೆಳಿಗ್ಗೆ ಅವನು ಇನ್ನೂ ಬಳಿಯುತ್ತಿದ್ದ. ಭಾಷಣ ಮುಗಿಸಿದ ಮುಖ್ಯ ಅತಿಥಿಗಳು ಸುಸ್ತಾಗಿ ಗೋಡೆಗೆ ಒರಗಿ ಕೂತರು. ಎದ್ದಾಗ ಅರ್ಧ ಗೋಡೆ ಅವರ ಬಿಳಿ ಅಂಗಿಯ ಬೆನ್ನಿಗೆ ಹತ್ತಿಕೊಂಡು ಕಾರಿನವರೆಗೂ ನಡೆದುಹೋಯಿತು. ಚಂದ್ರಶೇಖರಯ್ಯನವರು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. ಏನೆಂದರು ಎಂದು ಇಲ್ಲಿ ಬರೆಯಲಾರೆ, ಹೆಣ್ಣುಮಕ್ಕಳೂ ಓದುತ್ತಾರೆ.

ಆಮೇಲೆ ಕಂಪ್ಯೂಟರ್ ಬಂತು. ಚಿತ್ರದುರ್ಗದ ಆಫೀಸಿನಲ್ಲಿ ಅದಕ್ಕೆ ಎ.ಸಿ. ಕೊಟ್ಟರು, ಅದನ್ನು ಒತ್ತುವವನಿಗೆ ಬೀಸಣಿಗೆಯೂ ಇರಲಿಲ್ಲ. ಪೆನ್ಸಿಲಿನ ಕಾಲದಲ್ಲಿ ಒಂದು ಗೆರೆ ಬದಲಿಸಲು ಅರ್ಧ ದಿನ ರಬ್ಬರ್ ಉಜ್ಜಬೇಕಿತ್ತು, ಉಜ್ಜಿದ ಕಲೆ ಉಳಿಯುತ್ತಿತ್ತು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಸಾವಿರ ಗೆರೆ ಜಾಗ ಬದಲಿಸಿ, ಏನೂ ಆಗಿಲ್ಲವೆಂಬಂತೆ ಕೂರುತ್ತವೆ. ಫ್ಲೋಟ್ ಇಲ್ಲದ ಕೆಲಸಗಳಿಗೆ ಅದು ಕೆಂಪು ಬಣ್ಣ ಹಾಕುತ್ತಿತ್ತು. ಅವು ಒಂದು ದಿನ ತಡವಾದರೆ ಇಡೀ ಯೋಜನೆ ಒಂದು ದಿನ ತಡ. ಫ್ಲೋಟ್ ಇರುವವಕ್ಕೆ ಹಸಿರು. ಸಾಹೇಬರುಗಳು ಕೆಂಪನ್ನಷ್ಟೇ ಓದಲು ಕಲಿತರು. ಹಸಿರು ಎಂದರೆ ನೋಡಬೇಕಾಗಿಲ್ಲ ಎಂದು ಅರ್ಥವಾಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಹೊಳಲ್ಕೆರೆ–ಹೊಸದುರ್ಗ ರಸ್ತೆ ಅಗಲ ಮಾಡುವ ಕೆಲಸ ನಮಗೆ ಬಂತು. ಮ್ಯಾನೇಜರ್ ಅದೇ ಚಂದ್ರಶೇಖರಯ್ಯ, ಕೂದಲು ಬೆಳ್ಳಗಾಗಿ ಪಿಸುಮಾತು ಇನ್ನೂ ಸಣ್ಣಗಾಗಿತ್ತು. ಅದು ಅದಿರು ಲಾರಿಗಳ ಕಾಲ. ಬೆಳಗಾದರೆ ಸಾಲು ಹಿಡಿದು ಬರುವ ಲಾರಿಗಳು, ಕೆಂಪು ದೂಳು. ಆ ರಸ್ತೆಯಲ್ಲಿ ಬಿಳಿ ಎಮ್ಮೆ ಹೊರಟರೂ ಊರು ಮುಟ್ಟುವಾಗ ಕೆಂಪಗಾಗಿರುತ್ತಿತ್ತು. ಬಿಳಿ ಎಮ್ಮೆ ಎಲ್ಲಿತ್ತು ಎಂದು ಕೇಳಬೇಡಿ.

ಹೊಸದುರ್ಗದ ಕಡೆ ಒಂದು ದೊಡ್ಡ ಸೇತುವೆ ಇತ್ತು, ಚಾರ್ಟಿನಲ್ಲಿ ಕಡುಗೆಂಪು. ದಾರಿಯಲ್ಲಿ ಒಂದು ಸಣ್ಣ ಹಳ್ಳಕ್ಕೆ ಮೋರಿ ಕಟ್ಟಬೇಕಿತ್ತು, ನಲವತ್ತು ದಿನ ಫ್ಲೋಟ್, ಅಚ್ಚ ಹಸಿರು. ಮೋರಿ ಕಟ್ಟಲು ಹಳೆಯ ರಸ್ತೆ ಅಗೆದು, ಪಕ್ಕದಲ್ಲಿ ಮಣ್ಣಿನ ಡೈವರ್ಷನ್ ಹಾಕಿದೆವು. ಅದು ನೇರವಾಗಿ ಬಂದು ಸಾಕಮ್ಮನವರ ಟೀ ಹೋಟೆಲಿನ ಮುಂದೆ ಥಟ್ಟನೆ ತಿರುಗುತ್ತಿತ್ತು. ತಿರುಗದಿದ್ದರೆ ಹೋಟೆಲಿನೊಳಕ್ಕೆ. ಡೈವರ್ಷನ್ ಹಾಕಿದ ಹೊಸದರಲ್ಲೇ ಎರಡು ಲಾರಿ ಅಲ್ಲಿ ಮಗುಚಿದ್ದವು. ಒಂದರ ಅದಿರು ಅವರ ಅಂಗಳದಲ್ಲೇ ಬಿದ್ದಿತ್ತು.

ಸಾಕಮ್ಮನವರ ಗಂಡನೇ ಬೋರಯ್ಯ. ಮೊದಲು ಲಾರಿ ಓಡಿಸುತ್ತಿದ್ದವರು, ಒಂದು ಕಣ್ಣು ಮಂಜಾದ ಮೇಲೆ ಬಿಟ್ಟಿದ್ದರು. ನಮ್ಮ ಕಂಪನಿ ಆ ತಿರುವಿಗೆ ಬಾವುಟದವನೊಬ್ಬನನ್ನು ಹಾಕಿ, ಕೆಲವೇ ದಿನಕ್ಕೆ ಸೇತುವೆ ಕಡೆ ಕರೆಸಿಕೊಂಡಿತ್ತು. ಅವನು ಹೋದ ಮೇಲೆ ಯಾರೂ ಹೇಳದೆ ಬೋರಯ್ಯನವರು ಹೆಂಡತಿಯ ಹಳೆಯ ಸೀರೆಯ ತುಂಡು ಹಿಡಿದು ತಿರುವಿನಲ್ಲಿ ನಿಂತರು. ಲಾರಿ ಬಂದರೆ ಬೀಸುವುದು, ಎದುರಿನದನ್ನು ತಡೆಯುವುದು, ಬೆಳಗಿನಿಂದ ಕತ್ತಲಾಗುವವರೆಗೆ.

ಮೊದಲ ಸಲ ಹೋದಾಗ ಸಾಕಮ್ಮನವರು ಕರೆದರು: "ಬರ್ರಿ ಗೆರೆ ಸಾಹೇಬ್ರೆ, ಕುಂತ್ಕಳ್ರಿ. ಬೆಂಚಿನ ಆ ತುದಿ ಬ್ಯಾಡ, ಅದು ಲಾರಿ ಸೈಡು."

"ಲಾರಿ ಸೈಡು ಅಂದ್ರೆ ಏನಮ್ಮ?"

"ಬಂದ್ರೆ ಮೊದ್ಲು ಅಲ್ಲಿಗೇ ಬರೋದು. ಈ ತುದಿಗೆ ಕುಂತ್ರೆ ಟೀ ಕುಡ್ದು ಮುಗ್ಸಾಕೆ ಟೈಮ್ ಸಿಗ್ತೈತೆ."

ನಕ್ಕೆ. ಅವರು ನಗಲಿಲ್ಲ. ಗಾಜಿನ ಲೋಟ ಇಡುತ್ತಾ ಹೊರಗೆ ನಿಂತ ಗಂಡನ ಕಡೆ ಗಲ್ಲ ಎತ್ತಿ ತೋರಿಸಿದರು. "ಒಂದು ಕಣ್ಣು ಕಾಣಲ್ಲ ಅವ್ರಿಗೆ. ಹೇಳಿದ್ರೆ, ಇನ್ನೊಂದು ಚೆನ್ನಾಗೈತೆ ಬಿಡೇ ಅಂತಾರೆ. ಮೋರಿ ಆಗೋ ಗಂಟ ಒಳಗೆ ಬರಲ್ಲಂತೆ. ಯಾವಾಗ ಆಗ್ತೈತೆ ಸಾರ್?"

"ಇನ್ನೂ ಟೈಮ್ ಐತಮ್ಮ," ಎಂದೆ. ಚಾರ್ಟ್ ಓದುವವನ ಬಾಯಿಂದ ತಾನಾಗಿ ಬರುವ ಮಾತು ಅದು.

"ಯಾರಿಗೈತೆ?" ಎಂದರು.

ಅಲ್ಲಿಂದೆದ್ದು ನೇರ ಮೋರಿಗೆ ಹೋದೆ. ತಳದ ಕಾಂಕ್ರೀಟು ಮುಗಿದು ಗೋಡೆಗೆ ಕಂಬಿ ಕಟ್ಟಬೇಕಿತ್ತು. ಕಂಬಿ ಮೇಸ್ತ್ರಿ ಓಬಳೇಶಿಯ ಗ್ಯಾಂಗು ಇಲ್ಲ. ಅವರನ್ನು ಸೇತುವೆಗೆ ಸಾಗಿಸಿದ್ದರು. ಗೋಡೆಯಾದ ಮೇಲೆ ಮಣ್ಣು ತುಂಬಬೇಕಾದ ಪಾಲಯ್ಯನ ಟ್ರಾಕ್ಟರುಗಳೂ ಇಲ್ಲ. ಪಾಲಯ್ಯ ಮಾತ್ರ ಜಾಲಿ ಮರದ ಕೆಳಗೆ ಟವೆಲು ಹಾಸಿಕೊಂಡು ಮಲಗಿದ್ದ.

"ಟ್ರಾಕ್ಟರ್ ಎಲ್ಲಯ್ಯ?"

"ಭೀಮಸಮುದ್ರದ ಕಡೆ ತೋಟಕ್ಕೆ ಮಣ್ಣು ಹೊಡಿಯಾಕೆ ಬಿಟ್ಟಿವ್ನಿ ಸಾರ್. ಓಬಳೇಶಿ ಗೋಡೆ ಎಬ್ಸಿದ ಮ್ಯಾಲೂ ನಂಗೆ ನಲವತ್ತು ದಿನ ಐತಲ್ಲ, ಕರೆಸ್ಕಳಾಣ."

"ಅದು ನಿಂದಲ್ಲ ಮಾರಾಯ. ಓಬಳೇಶಿ ಅದ್ರಾಗೆ ಆಗ್ಲೇ ಅರ್ಧ ತಿಂದವ್ನೆ."

"ಓಬಳೇಶಿ ತಿನ್ನೋದಕ್ಕೂ ನಂಗೂ ಏನ್ ಸಂಬಂಧ ಸಾರ್? ನಾವು ಒಂದೇ ಜಿಲ್ಲೆಯೋರು ಅಷ್ಟೇ."

ಹಿರಿಯೂರಿನ ಎಲೆಕ್ಟ್ರಿಷಿಯನ್ನೇ ವೇಷ ಬದಲಿಸಿಕೊಂಡು ಬಂದು ಮಲಗಿದ್ದಾನೇನೋ ಅನ್ನಿಸಿತು. ಅಲ್ಲಿ ಕೆಟ್ಟದ್ದು ಒಂದು ಅಂಗಿ. ಇಲ್ಲಿ ಏನು ಕೆಡಬಹುದೆಂದು ಆ ತಿರುವಿನಲ್ಲಿ ಕಣ್ಣೆದುರೇ ಕಾಣುತ್ತಿತ್ತು.

ಚಂದ್ರಶೇಖರಯ್ಯನವರ ಮುಂದೆ ನಿಂತು ಹೇಳಿದೆ: ಓಬಳೇಶಿಯನ್ನು ವಾಪಸು ಕಳಿಸಿ, ಮೋರಿ ಮುಗಿಸೋಣ, ಅಲ್ಲಿ ಲಾರಿಗಳ ಕಾಟ. ಅವರು ಚಾರ್ಟಿನ ಮೇಲೆ ಬೆರಳಿಟ್ಟರು.

"ಇದು ಯಾವ ಬಣ್ಣ?"

"ಹಸಿರು ಸಾರ್."

"ಲಾರಿ ಅಂತೀಯಲ್ಲ, ಲಾರಿ ಈ ಚಾರ್ಟ್‌ನಾಗೆ ಎಲ್ಲೈತೆ? ತೋರ್ಸು."

ಇರಲಿಲ್ಲ. ಸಾಕಮ್ಮ, ಬೋರಯ್ಯ, ಹೋಟೆಲು, ಯಾವುದಕ್ಕೂ ಅಲ್ಲಿ ಗೆರೆ ಇರಲಿಲ್ಲ. ಮ್ಯಾನೇಜರರೇ ಕೇಳಿದ ಮೇಲೆ ಲಾರಿಯನ್ನು ಚಾರ್ಟಿಗೆ ತರುವುದು ನನ್ನ ಕರ್ತವ್ಯವಲ್ಲವೆ? ತಂದೆ.

ಸೇತುವೆಗೆ ಗರ್ಡರುಗಳು ಬೇಕಿದ್ದವು. ಗರ್ಡರೆಂದರೆ ಕಂಬದಿಂದ ಕಂಬಕ್ಕೆ ಕೂರುವ ಉದ್ದನೆಯ ಕಾಂಕ್ರೀಟು ತೊಲೆ. ಅವು ಚಿತ್ರದುರ್ಗದ ಯಾರ್ಡಿನಲ್ಲಿ ತಯಾರಾಗಿ ಟ್ರೈಲರಿನ ಮೇಲೆ ಇದೇ ರಸ್ತೆಯಲ್ಲಿ ಬರಬೇಕು. ನಾನು ಒಂದು ನಕ್ಷೆ ಬರೆದೆ. ಟ್ರೈಲರನ್ನು ಸ್ವಲ್ಪ ಉದ್ದ ಮಾಡಿದೆ, ತಿರುವನ್ನು ಸ್ವಲ್ಪ ಬಿಗಿ ಮಾಡಿದೆ. ಟ್ರೈಲರ್ ತಿರುವಿನಲ್ಲಿ ಸಿಕ್ಕಿಕೊಂಡು, ಮೂತಿ ಹೊಸದುರ್ಗಕ್ಕೂ ಬಾಲ ಹೊಳಲ್ಕೆರೆಗೂ ಚಾಚಿಕೊಂಡ ಚಿತ್ರ. ಮೋರಿ ಮುಗಿಯದೆ ಗರ್ಡರ್ ದಾಟದು ಎಂದು ಕಂಪ್ಯೂಟರಿನಲ್ಲಿ ಮೋರಿಯನ್ನೂ ಸೇತುವೆಯನ್ನೂ ಗಂಟು ಹಾಕಿದೆ. ಗುಂಡಿ ಒತ್ತಿದ ಕೂಡಲೇ ಮೋರಿಯ ನಲವತ್ತು ದಿನದಲ್ಲಿ ಮಿಕ್ಕಿದ್ದೂ ಕರಗಿ ಸೊನ್ನೆಯಾಯಿತು. ಗೆರೆ ಕೆಂಪಾಯಿತು. ಅಷ್ಟು ಚೆಂದದ ಕೆಂಪು ನಾನು ಮತ್ತೆ ನೋಡಲಿಲ್ಲ.

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದು ಚಂದ್ರಶೇಖರಯ್ಯನವರು ಪಿಸುಗುಟ್ಟಿದರು. ಆ ಸಂಜೆಯೇ ಓಬಳೇಶಿಯ ಗ್ಯಾಂಗು ಮೋರಿಗೆ ಬಂತು. ಪಾಲಯ್ಯನ ಟ್ರಾಕ್ಟರುಗಳಿಗೂ ಹೇಳಿಕಳಿಸಿದರು.

ಒಂದು ವಾರ ಆ ಹಳ್ಳದಲ್ಲಿ ಹಬ್ಬ. ಗೋಡೆಯ ಕಂಬಿ ಎದ್ದಿತು. ಸಾಕಮ್ಮನವರು ಗ್ಯಾಂಗಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಕಳಿಸುತ್ತಿದ್ದರು. ಓಬಳೇಶಿಗೆ ನನ್ನ ನಕ್ಷೆಯ ಸುದ್ದಿ ಹೇಗೋ ಸಿಕ್ಕಿತ್ತು.

"ಸಾರ್, ಆ ಟ್ರೈಲರ್‌ನ ಸೈಕಲ್ ಟ್ಯೂಬ್ ಎಳ್ದಂಗೆ ಎಳ್ದಿದೀರಂತೆ?"

"ಬಾಯಿ ಮುಚ್ಕಂಡು ಕಂಬಿ ಕಟ್ಟಲೇ."

"ಕಟ್ತೀನಿ ಸಾರ್. ನಂದೂ ಒಂದು ನಕ್ಷೆ ಬರೀರಿ, ಇನ್ನೊಂದು ಗೇಣು ಉದ್ದ ಮಾಡಿ. ಹೆಣ್ಣು ನೋಡಾಕೆ ಹೋಗ್ಬೇಕು."

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ನಾನು ಮೋರಿಯ ಹತ್ತಿರವೇ ಇದ್ದೆ. ಯಾರ್ಡಿನವರು ಒಂದು ಗರ್ಡರ್ ಬೇಗ ತಯಾರಾಯಿತೆಂದು ಹೇಳದೆ ಕೇಳದೆ ಹೊರಡಿಸಿಬಿಟ್ಟಿದ್ದರು. ಏರಿನಲ್ಲಿ ಟ್ರೈಲರಿನ ಮೂತಿ ಕಂಡಿತು. ಹಿಂದೆಯೇ ಚಂದ್ರಶೇಖರಯ್ಯನವರ ಜೀಪು.

ತಿರುವಿಗೆ ಬಂದ ಡ್ರೈವರ್ ನಿಲ್ಲಿಸಿ ತಲೆ ಹೊರಹಾಕಿದ. "ಇದು ತಿರುಗಲ್ಲ ಕಣ್ರಿ."

ನನಗೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ಬೋರಯ್ಯನವರು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಬಂದರು.

"ಯಾಕೆ ತಿರುಗಲ್ಲ? ನಾನು ಹೇಳ್ದಂಗೆ ಹೊಡಿ. ಬಲಕ್ಕೆ ಪೂರ್ತಿ ಹೊಡಿ. ಹಾಂ, ಬಿಡು ಬಿಡು ಬಿಡು. ಸಾಕು! ಈಗ ಹಿಂದಕ್ಕೆ ಒಂದು ಮೊಳ. ಲೇ, ನನ್ ನೋಡು, ಕನ್ನಡಿ ನೋಡ್ಬ್ಯಾಡ."

ಹೋಟೆಲಿನ ಚಪ್ಪರದ ಗಳ ತಾವೇ ಕಿತ್ತು ಬದಿಗಿಟ್ಟರು. ಹೆಂಡತಿಗೆ ಕೂಗಿ ಬೆಂಚು ಎಳೆಸಿದರು. ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ಒಂದೇ ಕಣ್ಣಿನ ಆ ಮನುಷ್ಯ ಆನೆಯನ್ನು ಅಡುಗೆಮನೆಯಿಂದ ದಾಟಿಸುವ ಹಾಗೆ ಆ ಟ್ರೈಲರನ್ನು ದಾಟಿಸಿದರು. ಗರ್ಡರಿನ ಬಾಲಕ್ಕೂ ಹೋಟೆಲಿನ ಗೋಡೆಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ. ಓಬಳೇಶಿಯ ಹುಡುಗರು ಸಿಳ್ಳೆ ಹೊಡೆದರು. ಚಂದ್ರಶೇಖರಯ್ಯನವರು ಜೀಪಿನಿಂದ ಇಳಿದು ಬೋರಯ್ಯನವರ ಕೈ ಕುಲುಕಿದರು. ಆಮೇಲೆ ನನ್ನ ಹತ್ತಿರ ಬಂದರು.

"ತಿರುಗ್ತಲ್ಲ," ಎಂದರು. ಅಷ್ಟೇ.

ಅವರು ಜೀಪಿನ ಕಡೆ ಹೋದ ಮೇಲೆ ಬೋರಯ್ಯನವರು ಬೆವರು ಒರೆಸಿಕೊಳ್ಳುತ್ತಾ ಬಂದು ನಿಂತರು. "ಹೆಂಗೆ ಗೆರೆ ಸಾಹೇಬ್ರೆ? ಮೂರು ವರ್ಷ ಆಗಿತ್ತು ದೊಡ್ಡ ಗಾಡಿ ಆಡ್ಸಿ. ನಿಮ್ ಕೆಲ್ಸ ನಿಲ್ಬಾರ್ದು ನೋಡ್ರಿ, ಅದಕ್ಕೇ. ಚೆನ್ನಾಗ್ ತಿರುಗಿಸ್ದೆ ಅಲ್ವಾ?"

"ಚೆನ್ನಾಗ್ ತಿರುಗಿಸಿದ್ರಿ," ಎಂದೆ.

ಆ ಮಧ್ಯಾಹ್ನವೇ ಆಫೀಸಿನಲ್ಲಿ ಚಂದ್ರಶೇಖರಯ್ಯನವರು ನನ್ನ ಕುರ್ಚಿಯ ಹಿಂದೆ ನಿಂತು ಗಂಟು ಬಿಚ್ಚಿಸಿದರು. ಮೋರಿ ಮತ್ತೆ ಹಸಿರಾಯಿತು. ನಲವತ್ತರಲ್ಲಿ ಉಳಿದಿದ್ದ ದಿನಗಳೆಲ್ಲ ಮತ್ತೆ ಬಂದು ಕೂತವು. ಗಂಟು ಹಾಕಿದ್ದ ಕುರುಹೂ ಇಲ್ಲ. ಆ ಹೋಟೆಲಿನ ಜಾಗ ಅಪಾಯದ್ದೆಂದು ಮತ್ತೆ ಹೇಳಹೋದೆ. "ನಿನ್ ಟ್ರೈಲರ್ ಎಷ್ಟು ಉದ್ದ ಅಂತ ನಾನು ಮೇಲಕ್ಕೆ ಬರೀಲಾ?" ಎಂದರು. ಒಂದು ಸುಳ್ಳು ಸಿಕ್ಕಿಬಿದ್ದ ಮೇಲೆ ನನ್ನ ನಿಜಕ್ಕೂ ಬೆಲೆ ಉಳಿದಿರಲಿಲ್ಲ. ಮಾರನೆಯ ದಿನ ಓಬಳೇಶಿಯ ಗ್ಯಾಂಗು ಸೇತುವೆಗೆ ಹೋಯಿತು. ಅರ್ಧ ಕಟ್ಟಿದ ಕಂಬಿ ಹಳ್ಳದಲ್ಲಿ ಹಾಗೇ ನಿಂತಿತು. ಪಾಲಯ್ಯ ಟ್ರಾಕ್ಟರುಗಳನ್ನು ತೋಟಗಳಿಗೆ ವಾಪಸು ಬಿಟ್ಟ.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ, ನೋಡಿದವರು ಹೇಳಿದ್ದನ್ನು ಬರೆಯುತ್ತೇನೆ. ಇದರಲ್ಲಿ ಒಂದಕ್ಷರ ಹಿಗ್ಗಿಸಿಲ್ಲ. ಎರಡು ವಾರದ ಮೇಲೆ ಒಂದು ಸಂಜೆ ತುಂತುರು ಬಿದ್ದಿತ್ತು. ದೂಳೆಲ್ಲ ಕೆಸರಾಗಿತ್ತು. ಹೊಸದುರ್ಗದ ಕಡೆಯಿಂದ ಜನ ತುಂಬಿದ ಬಸ್ಸು ತಿರುವಿನೊಳಕ್ಕೆ ಬಂದಿತ್ತು, ಏರಿನ ಕಡೆಯಿಂದ ಅದಿರಿನ ಲಾರಿ ಇಳಿಯುತ್ತಿತ್ತು. ಬೋರಯ್ಯನವರು ಡೈವರ್ಷನ್ನಿನ ನಡುಮಧ್ಯಕ್ಕೆ ಹೋಗಿ ಬಟ್ಟೆ ಬೀಸಿದರು. ಲಾರಿಯವನು ಬ್ರೇಕು ಹಾಕಿದ. ಗಾಲಿಗಳು ನಿಂತವು, ಲಾರಿ ನಿಲ್ಲಲಿಲ್ಲ. ಕೆಸರಿನ ಮೇಲೆ ಅಡ್ಡಡ್ಡವಾಗಿ ಜಾರಿ ಬಂತು. ಬಸ್ಸಿಗೆ ತಾಗಲಿಲ್ಲ. ಬೋರಯ್ಯನವರು ಪಕ್ಕಕ್ಕೆ ಹಾರಿದ್ದು ಮಂಜುಗಣ್ಣಿನ ಕಡೆಗೆ. ಅಲ್ಲಿ ಲಾರಿಯ ಹಿಂಭಾಗ ಬರುತ್ತಿತ್ತು. ಹೊಳಲ್ಕೆರೆ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಜೀವ ಉಳಿದಿರಲಿಲ್ಲ.

ಮಾರನೆಯ ದಿನ ಊರಿನವರು ರಸ್ತೆಗೆ ಕಲ್ಲಿಟ್ಟು ಕೂತರು. ಪೊಲೀಸರು ಬಂದರು, ಮಾತುಕತೆಯಾಯಿತು, ಸಂಜೆಗೆ ಕಲ್ಲು ತೆಗೆದರು. ಸೋಮವಾರದ ಮೀಟಿಂಗಿನಲ್ಲಿ ಎಂದಿನಂತೆ ಚಾರ್ಟ್ ಹಾಕಿದೆ. ಒಂದು ದಿನ ರಸ್ತೆ ಬಂದ್ ಆದದ್ದರಿಂದ ಯೋಜನೆಗೆ ಎಷ್ಟು ತಡ ಎಂದು ಮೇಲಿನಿಂದ ಬಂದ ಒಬ್ಬ ಅಧಿಕಾರಿ ಕೇಳಿದರು. ಕಂಪ್ಯೂಟರ್ ಲೆಕ್ಕ ಹಾಕಿತು. ತಡ ಏನೂ ಇಲ್ಲ. ಆ ದಿನ ಮೋರಿಯ ಲೆಕ್ಕಕ್ಕೆ ಬಿತ್ತು, ಅದರ ಫ್ಲೋಟ್ ನುಂಗಿಕೊಂಡಿತ್ತು. "ಗುಡ್," ಎಂದರು ಅವರು.

ಈ ಕೆಲಸಕ್ಕೆ ಬರುವ ನಿಮಗೆ ನಾನು ಹೇಳುವುದು ಇಷ್ಟೇ. ನಿಮ್ಮ ಚಾರ್ಟಿನಲ್ಲಿ ಒಂದು ಕೆಲಸಕ್ಕೆ ಬಿಡುವು ಕಂಡರೆ, ಆ ಬಿಡುವಿನ ದಿನಗಳಲ್ಲಿ ಆ ಜಾಗದಲ್ಲಿ ಯಾರು ಬದುಕುತ್ತಿರುತ್ತಾರೆ ಎಂದು ಒಮ್ಮೆ ಬಸ್ಸು ಹತ್ತಿ ಹೋಗಿ ನೋಡಿ ಬನ್ನಿ. ಯಾವ ಕಂಪ್ಯೂಟರಿಗೂ ಅದು ಗೊತ್ತಿರುವುದಿಲ್ಲ. ಸುಳ್ಳು ಗಂಟು ಹಾಕಬೇಡಿ. ನಾನು ಜಾಣನೆಂದುಕೊಂಡು ಹಾಕಿದೆ. ಗಲಾಟೆ ಮಾಡಿ, ಬೈಸಿಕೊಳ್ಳಿ, ಕೆಲಸ ಬಿಡುತ್ತೇನೆ ಎನ್ನಿ, ಆದರೆ ಇರುವುದನ್ನೇ ಹೇಳಿ.

ಊರಿನವರು ಮತ್ತೆ ಕೂತಾರೆಂಬ ಹೆದರಿಕೆಗೆ ಚಂದ್ರಶೇಖರಯ್ಯನವರು ಎಲ್ಲರನ್ನೂ ಮೋರಿಗೆ ಅಟ್ಟಿದರು. ಓಬಳೇಶಿಯ ಗ್ಯಾಂಗು, ಪಾಲಯ್ಯನ ಅಷ್ಟೂ ಟ್ರಾಕ್ಟರು, ಸೇತುವೆಯ ಸೆಂಟ್ರಿಂಗಿನವರು. ಓಬಳೇಶಿ ಒಂದು ತಮಾಷೆಯ ಮಾತೂ ಆಡದೆ ಕಂಬಿ ಕಟ್ಟಿದ. ಇಪ್ಪತ್ತು ದಿನ ತುಂಬುವುದರೊಳಗೆ ಗೋಡೆ ಎದ್ದು, ಮೇಲೆ ಸ್ಲ್ಯಾಬು ಬಿದ್ದು, ಮಣ್ಣು ತುಂಬಿ ರೋಲರ್ ಆಡಿ, ರಸ್ತೆ ನೇರವಾಯಿತು. ಡೈವರ್ಷನ್ನಿಗೆ ಅಡ್ಡ ಮಣ್ಣು ಸುರಿದು ಮುಚ್ಚಿದರು.

ಮುಚ್ಚಿದ ದಿನ ನಾನು ಹೋಗಿದ್ದೆ. ಸಾಕಮ್ಮನವರು ಹೋಟೆಲಿನಿಂದ ಇಳಿದು, ಲಾರಿಗಳು ತಿರುಗುತ್ತಿದ್ದ ಜಾಗ ದಾಟಿ, ಮೋರಿಯ ಮೇಲೆ ಬಂದು ನಿಂತರು. ಹೊಸ ಕಾಂಕ್ರೀಟಿನ ಕಟ್ಟೆಯನ್ನು ಒಮ್ಮೆ ಮುಟ್ಟಿ ನೋಡಿದರು. ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದರು. ನಾಲ್ಕು ಹೆಜ್ಜೆಯ ಮೋರಿ.

"ಇಷ್ಟೇ ದಿನದ ಕೆಲ್ಸಾನಾ ಸಾರ್ ಇದು?" ಎಂದು ಕೇಳಿದರು.

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಗೊತ್ತಿಲ್ಲದ್ದನ್ನು ಗೊತ್ತಿರುವವನ ಹತ್ತಿರ ಕೇಳುವ ಹಾಗೆ ಕೇಳಿದರು.

"ಹೌದಮ್ಮ," ಎಂದೆ. "ಇಷ್ಟೇ."

ತಲೆಯಾಡಿಸಿದರು. ಏರಿನ ಕಡೆಯಿಂದ ಅದಿರಿನ ಲಾರಿಯೊಂದು ಇಳಿದು ಬಂತು. ನಾವಿಬ್ಬರೂ ಅಂಚಿಗೆ ಸರಿದು ನಿಂತೆವು. ಅದು ವೇಗ ಕಡಿಮೆ ಮಾಡದೆ, ಎಲ್ಲೂ ತಿರುಗದೆ, ಮೋರಿಯ ಮೇಲೆ ನೇರವಾಗಿ ಹೋಯಿತು.